ಅಪಘಾತ ನೋಡಿಯೂ ಕಾರು ನಿಲ್ಲಿಸಲಿಲ್ಲ, ನಾನು ಕಲ್ಲಾಗಿಬಿಟ್ಟೆನಾ?

ಪ್ರಶ್ನೆ: ನಾನು ಹಾಸನದ ಕಡೆಯವನು. ಬೆಂಗಳೂರಿಗೆ ಬಂದು ಹದಿನೈದು ವರ್ಷವಾಯಿತು. ಕೆಂಗೇರಿ ಹತ್ತಿರ ಅಪಾರ್ಟ್‌ಮೆಂಟ್‌ನಲ್ಲಿದ್ದೇವೆ. ಹೋದ ತಿಂಗಳು ಬೆಳಿಗ್ಗೆ ಮಗಳನ್ನು ಸ್ಕೂಲಿಗೆ ಬಿಡಲು ಹೊರಟಿದ್ದೆ. ಮೈಸೂರು ರಸ್ತೆಯಲ್ಲಿ ಒಬ್ಬ ಡೆಲಿವರಿ ಹುಡುಗ ಬೈಕಿನಿಂದ ಬಿದ್ದಿದ್ದ. ರಕ್ತ ಬರುತ್ತಿತ್ತು. ಸುತ್ತ ಜನ ನಿಂತಿದ್ದರು. ಕಾರು ನಿಧಾನ ಮಾಡಿ ನೋಡಿದೆ, ಆಮೇಲೆ ಮುಂದೆ ಹೋದೆ. ಏಳು ವರ್ಷದ ಮಗಳು ಹಿಂದಿನ ಸೀಟಿನಿಂದ "ಅಪ್ಪಾ, ಯಾಕೆ ನಿಲ್ಲಿಸಲಿಲ್ಲ?" ಅಂದಳು. "ಯಾರಾದ್ರೂ ನೋಡ್ಕೋತಾರೆ ಪುಟ್ಟಾ" ಅಂದೆ. ಅವತ್ತಿನಿಂದ ಸರಿಯಾಗಿ ನಿದ್ದೆಯಿಲ್ಲ. ಊರಲ್ಲಾಗಿದ್ದರೆ ಓಡಿ ಹೋಗುತ್ತಿದ್ದೆ. ಈ ಊರು ನನ್ನನ್ನು ಕಲ್ಲು ಮಾಡಿತಾ? ಅಥವಾ ಮನುಷ್ಯ ಅಂದರೇ ಇಷ್ಟಾ? ಆ ಹುಡುಗರ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಅವರಿಗೆ ಸರ್ವಿಸ್ ಲಿಫ್ಟ್ ಮಾತ್ರ. ಅದು ಕೆಟ್ಟಾಗ ಪಾಪ ಮೆಟ್ಟಿಲು ಹತ್ತಿಯೇ ಬರುತ್ತಾರೆ.

ಉತ್ತರ: "ನಿದ್ದೆ ಬರುತ್ತಿಲ್ಲ ಅಂದರೆ ನಿಮ್ಮ ಮನಸ್ಸು ಇನ್ನೂ ಮೆತ್ತಗಿದೆ, ಚಿಂತೆ ಬಿಡಿ" ಎಂದುಬಿಟ್ಟರೆ ನಿಮಗೂ ಹಾಯೆನಿಸುತ್ತದೆ, ನನ್ನ ಕೆಲಸವೂ ಮುಗಿಯುತ್ತದೆ. ಆದರೆ ನಿಮ್ಮ ಸಂಕಟದಿಂದ ರಸ್ತೆಯಲ್ಲಿ ಬಿದ್ದಿದ್ದ ಹುಡುಗನಿಗೆ ಏನೂ ಆಗಲಿಲ್ಲ. ಹಾಗಾಗಿ ಆ ಸಮಾಧಾನ ಬೇಡ. ಅವತ್ತು ಆ ಅರ್ಧ ನಿಮಿಷದಲ್ಲಿ ನಿಮ್ಮೊಳಗೆ ಏನು ನಡೆಯಿತು ಎಂದು ನೋಡೋಣ. ನಾನು ಮನಃಶಾಸ್ತ್ರ ಪಾಠ ಮಾಡುವವಳು, ಆಪ್ತಸಮಾಲೋಚನೆಯನ್ನೂ ಮಾಡುತ್ತೇನೆ. ಈ ಪ್ರಶ್ನೆಯನ್ನು ಬೇರೆ ಬೇರೆ ಬಾಯಲ್ಲಿ ಕೇಳುತ್ತಲೇ ಬಂದಿದ್ದೇನೆ.

ಮೊದಲು ಹೊತ್ತಿನ ವಿಷಯ. ಸ್ಕೂಲಿನ ಗೇಟು ಹಾಕುವ ಸಮಯ ನಿಮ್ಮ ತಲೆಯಲ್ಲಿ ಓಡುತ್ತಿತ್ತು, ಅಲ್ವಾ? ಇದು ಚಿಕ್ಕ ಸಂಗತಿ ಅನಿಸಬಹುದು. ಅಲ್ಲ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ನಡೆಸಿದ ಒಂದು ಪ್ರಯೋಗ 1973ರಲ್ಲಿ ಪ್ರಕಟವಾಯಿತು. ಪಾದ್ರಿಗಳಾಗಲು ಓದುತ್ತಿದ್ದ ಹುಡುಗರನ್ನು ಪಕ್ಕದ ಕಟ್ಟಡಕ್ಕೆ ಹೋಗಿ ಭಾಷಣ ಮಾಡಿ ಎಂದು ಕಳಿಸಿದರು. ದಾರಿಯಲ್ಲಿ ಒಬ್ಬ ಮನುಷ್ಯ ಮುದುರಿ ಕುಳಿತು ಕೆಮ್ಮುತ್ತಾ ನರಳುತ್ತಿದ್ದ. ಅವನನ್ನು ಅಲ್ಲಿ ಕೂರಿಸಿದ್ದೇ ಪ್ರಯೋಗದವರು. ಸಾಕಷ್ಟು ಸಮಯವಿದೆ ಎಂದುಕೊಂಡವರಲ್ಲಿ 63% ಜನ ಸಹಾಯಕ್ಕೆ ಮುಂದಾದರು. ತಡವಾಗಿದೆ, ಓಡಿ ಎಂದು ಹೇಳಿಸಿಕೊಂಡವರಲ್ಲಿ 10% ಮಾತ್ರ. ಪ್ರಯೋಗದಲ್ಲಿದ್ದವರಲ್ಲಿ ಅರ್ಧದಷ್ಟು ಜನ ಮಾತಾಡಲು ಹೊರಟಿದ್ದ ವಿಷಯ ಯಾವುದು ಗೊತ್ತಾ? ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದ, ಬೈಬಲಿನಲ್ಲಿ ಬರುವ ಸಮಾರ್ಯದವನ ಕಥೆ. ಆ ಕಥೆ ಬಾಯಲ್ಲಿದ್ದರೂ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಆತುರದಿಂದ ಆಯಿತು.

ಬೆಂಗಳೂರಿನ ಬೆಳಗಿನ ಹೊತ್ತಿನಲ್ಲಿ ರಸ್ತೆಗಿಳಿದವರೆಲ್ಲ ಆ ಆತುರದ ಗುಂಪಿನಲ್ಲೇ ಇರುತ್ತಾರೆ. ಊರು ಕಲ್ಲು ಮಾಡಿತಾ ಎನ್ನುವ ನಿಮ್ಮ ಪ್ರಶ್ನೆಗೆ ಇಲ್ಲಿ ಒಂದು ಭಾಗದ ಉತ್ತರ ಸಿಗುತ್ತದೆ. ದೊಡ್ಡ ಊರು ಅನ್ನುವ ಒಂದೇ ಕಾರಣಕ್ಕೆ ಜನ ಕಲ್ಲಾಗುವುದಿಲ್ಲ. ರಾಬರ್ಟ್ ಲೆವಿನ್ ಎಂಬ ಮನಃಶಾಸ್ತ್ರಜ್ಞರು ಪ್ರಪಂಚದ 23 ದೊಡ್ಡ ಊರುಗಳಲ್ಲಿ ಪರೀಕ್ಷೆ ಮಾಡಿದ್ದರು. ರಸ್ತೆಯಲ್ಲಿ ಪೆನ್ನು ಬೀಳಿಸಿದರೆ ಯಾರಾದರೂ ಕರೆದು ಹೇಳುತ್ತಾರಾ, ಕುರುಡರನ್ನು ರಸ್ತೆ ದಾಟಿಸುತ್ತಾರಾ, ಈ ಥರದ ಸಣ್ಣ ಸಣ್ಣ ಸಂಗತಿಗಳು. ಮೊದಲ ಸ್ಥಾನ ಬಂದಿದ್ದು ಜನ ಕಿಕ್ಕಿರಿದ ರಿಯೊ ಡಿ ಜನೈರೊಗೆ. ನಮ್ಮ ಕೋಲ್ಕತ್ತಾ ಕೂಡ ಮೇಲಿನ ಸಾಲಿನಲ್ಲೇ ಇತ್ತು.

ಇನ್ನು "ಯಾರಾದ್ರೂ ನೋಡ್ಕೋತಾರೆ" ಅನ್ನುವ ಮಾತು. ಮಗಳಿಗೆ ಸುಳ್ಳು ಹೇಳಿದೆ ಎಂದು ನೀವು ಕೊರಗುತ್ತಿರಬಹುದು. ಅದು ಪೂರ್ತಿ ಸುಳ್ಳಲ್ಲ. ಇಂಗ್ಲೆಂಡಿನ ಲ್ಯಾಂಕಾಸ್ಟರ್, ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್, ದಕ್ಷಿಣ ಆಫ್ರಿಕಾದ ಕೇಪ್‌ಟೌನ್, ಈ ಮೂರು ಊರುಗಳ ಸಿಸಿಟಿವಿಯಲ್ಲಿ ಸಿಕ್ಕ 219 ಬೀದಿ ಜಗಳಗಳನ್ನು ಸಂಶೋಧಕರು ಕೂತು ನೋಡಿದ್ದಾರೆ. ಹತ್ತರಲ್ಲಿ ಒಂಬತ್ತು ಕಡೆ ಕನಿಷ್ಠ ಒಬ್ಬ ದಾರಿಹೋಕ ನಡುವೆ ಬಂದಿದ್ದ. ಗುರುತಿಲ್ಲದವರ ಹೊಡೆದಾಟಕ್ಕೂ ಜನ ಅಡ್ಡ ಹೋಗುತ್ತಾರೆ. ಮನುಷ್ಯ ಅಂದರೇ ಇಷ್ಟಾ ಎಂದು ಕೇಳಿದ್ದೀರಲ್ಲ, ಮನುಷ್ಯ ಇಷ್ಟೂ ಇದ್ದಾನೆ.

ಹಾಗಾದರೆ ಗುಂಪಿನಲ್ಲಿ ನಿಂತ ಒಬ್ಬೊಬ್ಬರೂ ಯಾಕೆ ಮರಗಟ್ಟುತ್ತಾರೆ? ಡಾರ್ಲಿ ಮತ್ತು ಬಿಬ್ ಲಟಾನೆ 1968ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತು. ಪಕ್ಕದ ಕೋಣೆಯಲ್ಲಿ ಒಬ್ಬರಿಗೆ ಫಿಟ್ಸ್ ಬಂದ ಶಬ್ದ ಕೇಳುತ್ತದೆ. ಕೇಳಿಸಿಕೊಂಡವನು ನಾನೊಬ್ಬನೇ ಎಂದುಕೊಂಡವರಲ್ಲಿ 85% ಜನ ಆ ಸದ್ದು ನಿಲ್ಲುವ ಮೊದಲೇ ಎದ್ದು ಹೋದರು. ಇನ್ನೂ ನಾಲ್ವರು ಕೇಳಿಸಿಕೊಳ್ಳುತ್ತಿದ್ದಾರೆ ಎಂದುಕೊಂಡವರಲ್ಲಿ ಎದ್ದವರು 31%. ಕೂತೇ ಇದ್ದವರು ಆರಾಮಾಗಿರಲಿಲ್ಲ. ಕೈ ನಡುಗುತ್ತಿತ್ತು, ಬೆವರುತ್ತಿದ್ದರು. ಅವರ ಮನಸ್ಸು ಸತ್ತಿರಲಿಲ್ಲ. ಈ ಕೆಲಸ ನನ್ನದಾ, ಅವರದಾ ಅನ್ನುವುದು ಇತ್ಯರ್ಥವಾಗಿರಲಿಲ್ಲ.

ಇತ್ಯರ್ಥ ಮಾಡುವುದು ಹೇಗೆ ಅನ್ನುವುದನ್ನು ನಾನು ಬಾಪೂಜಿನಗರದ ಹತ್ತಿರ ಕಣ್ಣಾರೆ ನೋಡಿದ್ದೇನೆ. ಮಳೆ ಬಂದು ನಿಂತಿತ್ತು. ವಯಸ್ಸಾದವರೊಬ್ಬರು ಸ್ಕೂಟರ್ ಜಾರಿ ಬಿದ್ದರು. ಕ್ಷಣದಲ್ಲಿ ಜನ ಸೇರಿದರು, ಒಂದಿಷ್ಟು ಮೊಬೈಲ್‌ಗಳೂ ಮೇಲೆದ್ದವು. ಎಳನೀರು ಮಾರುವವನೊಬ್ಬ ಮಚ್ಚು ಕೆಳಗಿಟ್ಟು ಬಂದ. ಬೆರಳು ತೋರಿಸಿ ತೋರಿಸಿ ಮಾತಾಡಿದ. "ಏ ಕೆಂಪು ಹೆಲ್ಮೆಟ್, ಗಾಡಿ ಸೈಡಿಗೆ ಹಾಕು. ಮೇಡಂ, ನೀವು 108ಕ್ಕೆ ಮಾಡಿ, ಮೆಟ್ರೋ ಕಂಬದ ನಂಬರ್ ಓದಿ ಹೇಳಿ. ಆಟೋದವ್ರೇ, ಹಿಂದಿನ ಗಾಡಿಗಳನ್ನ ತಡೀರಿ. ಯಾರೂ ಎತ್ತಬೇಡಿ, ಯಾರೂ ನೀರು ಕುಡಿಸಬೇಡಿ." ಅಷ್ಟೇ. ಮೊಬೈಲ್ ಹಿಡಿದಿದ್ದ ಹುಡುಗನೇ ತನ್ನ ಟವೆಲ್ ಕೊಟ್ಟು ಗಾಯ ಒತ್ತಿ ಹಿಡಿದ. ಅದೇ ಜನ, ಅದೇ ರಸ್ತೆ. ಒಬ್ಬೊಬ್ಬರಿಗೂ ಒಂದೊಂದು ಕೆಲಸ ಸಿಕ್ಕಿತ್ತು.

ನಿಮಗೆ ಅವತ್ತು ಏನು ಮಾಡಬೇಕು ಅಂತಲೇ ಗೊತ್ತಿರಲಿಲ್ಲ ಎಂದು ನನ್ನ ಅಂದಾಜು. ಗೊತ್ತಿಲ್ಲದಿದ್ದಾಗ ಭಯ ಮುಂದೆ ಬರುತ್ತದೆ. ಪೊಲೀಸ್, ಕೋರ್ಟು, ಆಸ್ಪತ್ರೆಯಲ್ಲಿ ದುಡ್ಡು ಕಟ್ಟಿ ಅಂದರೆ? ನಮ್ಮಲ್ಲಿ ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಹಿಂದೆ ಹಾಗೆಲ್ಲ ಆಗುತ್ತಿತ್ತು. ಆದರೆ ಈಗ ಕಾನೂನು ನಿಮ್ಮ ಕಡೆಗಿದೆ. 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಗಾಯಾಳುಗಳಿಗೆ ನೆರವಾಗುವವರ ರಕ್ಷಣೆಯ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ಅದೇ ವರ್ಷ ತನ್ನದೇ ಕಾಯ್ದೆ ಮಾಡಿತು, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೆಕ್ಷನ್ ಸೇರಿತು. ನೀವು ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದರೆ ನಿಮ್ಮ ಮೇಲೆ ಕೇಸು ಹಾಕುವಂತಿಲ್ಲ. ಹೆಸರು ಹೇಳಿ ಎಂದು ಒತ್ತಾಯಿಸುವಂತಿಲ್ಲ. ಫೋನ್ ಮಾಡಿ, ಗಾಯಾಳುವನ್ನು ಸೇರಿಸಿ, ಹೆಸರು ಹೇಳದೆ ಮನೆಗೆ ಹೋಗಬಹುದು.

2016ರ ಫೆಬ್ರವರಿಯಲ್ಲಿ ನೆಲಮಂಗಲದ ಹತ್ತಿರ ನಡೆದ ಅಪಘಾತ ನಿಮಗೆ ನೆನಪಿರಬಹುದು. ಊರಿನಿಂದ ಬೆಂಗಳೂರಿಗೆ ಬೈಕಿನಲ್ಲಿ ಬರುತ್ತಿದ್ದ ಹರೀಶ್ ಎಂಬ ಯುವಕನ ಮೇಲೆ ಲಾರಿ ಹರಿಯಿತು. ಬದುಕುವಂಥ ಸ್ಥಿತಿ ಅದಾಗಿರಲಿಲ್ಲ. ಅಷ್ಟು ನೋವಿನಲ್ಲೂ ಆತ ತನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡ. ಅವನ ಕಣ್ಣು ದಾನವಾಯಿತು. ಆಮೇಲೆ ರಾಜ್ಯ ಸರ್ಕಾರ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ ಕೊಡುವ ಸಾಂತ್ವನ ಹರೀಶ್ ಯೋಜನೆ ತಂದಿದ್ದು ಅವನ ಹೆಸರಿನಲ್ಲೇ. ನನ್ನ ವಿದ್ಯಾರ್ಥಿಗಳು ಮನುಷ್ಯ ಸ್ವಾರ್ಥಿ ಅಂತ ವಾದಕ್ಕಿಳಿದಾಗ ನಾನು ಇದನ್ನು ಹೇಳುತ್ತೇನೆ. ಆ ಕ್ಷಣದಲ್ಲಿ ಅವನಿಗೆ ಯಾವ ಲಾಭ ಉಳಿದಿತ್ತು ಹೇಳಿ?

ಈಗ ಮಗಳ ವಿಷಯ. ಅವಳ ಜೊತೆ ಕೂತು ಇರುವುದನ್ನು ಇದ್ದ ಹಾಗೆ ಹೇಳಿ. "ಅವತ್ತು ಅಪ್ಪನಿಗೆ ಭಯವಾಯಿತು, ಏನು ಮಾಡಬೇಕೋ ಗೊತ್ತಾಗಲಿಲ್ಲ, ಈಗ ಕಲಿತಿದ್ದೇನೆ" ಅನ್ನಿ. ಅವಳಿಗೆ 108 ಮತ್ತು 112 ಹೇಳಿಕೊಡಿ, ಮನೆಯ ಹತ್ತಿರದ ಗುರುತು ಹೇಳಿ ವಿಳಾಸ ತಿಳಿಸುವುದು ಹೇಗೆ ಎಂದು ಆಟದ ಥರ ಅಭ್ಯಾಸ ಮಾಡಿಸಿ. ಕರುಣೆಯನ್ನೇ ಹೊಸದಾಗಿ ಕಲಿಸಬೇಕಾಗಿಲ್ಲ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲೊ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದ್ದದ್ದು ಒಂದೂವರೆ ವರ್ಷದ ಮಕ್ಕಳು. ದೊಡ್ಡವರು ಬಟ್ಟೆ ಒಣಹಾಕುವಾಗ ಕ್ಲಿಪ್ ಕೈಜಾರಿ ಬಿದ್ದು, ಬಗ್ಗಿದರೂ ಸಿಗದೆ ಒದ್ದಾಡಿದರೆ ಮಗು ಹೋಗಿ ಎತ್ತಿಕೊಡುತ್ತಿತ್ತು. ಬೇಕಂತಲೇ ಎಸೆದರೆ ಅಷ್ಟಾಗಿ ಹೋಗುತ್ತಿರಲಿಲ್ಲ. ಯಾರಿಗೆ ನಿಜವಾಗಿ ಬೇಕಾಗಿದೆ ಅನ್ನುವುದು ಇನ್ನೂ ನೆಟ್ಟಗೆ ಮಾತು ಬಾರದ ಮಗುವಿಗೂ ಗೊತ್ತು. ಇನ್ನೊಂದು ಮಾತು. ಸಹಾಯ ಮಾಡಿದ್ದಕ್ಕೆ ಚಾಕೊಲೇಟು, ಆಟದ ಸಾಮಾನು ಕೊಡುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಅವರದೇ 2008ರ ಅಧ್ಯಯನದಲ್ಲಿ, ಹಾಗೆ ಬಹುಮಾನ ಪಡೆದ ಮಕ್ಕಳು ಆಮೇಲೆ ಬಹುಮಾನ ಪಡೆಯದ ಮಕ್ಕಳಿಗಿಂತ ಕಡಿಮೆ ಸಹಾಯ ಮಾಡಿದರು.

ನಿದ್ದೆಯ ತೊಂದರೆ ಇನ್ನೂ ಹೀಗೇ ಮುಂದುವರಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು.

ಇಲ್ಲಿಯವರೆಗೆ ಬರೆದದ್ದು ನೀವು ಕೇಳಿದ್ದಕ್ಕೆ. ನೀವು ಕೇಳದೇ ಬಿಟ್ಟದ್ದೊಂದಿದೆ, ನನಗೆ ಅದೇ ಮುಖ್ಯ ಅನಿಸಿತು. "ಊರಲ್ಲಾಗಿದ್ದರೆ ಓಡಿ ಹೋಗುತ್ತಿದ್ದೆ" ಎಂದಿದ್ದೀರಿ. ನಿಜ ಇರಬಹುದು. ಊರಲ್ಲಿ ಬಿದ್ದವನು ಯಾರ ಮಗ, ಯಾವ ಮನೆ ಅಂತ ಗೊತ್ತಿರುತ್ತದೆ. ಆದರೆ ನಮ್ಮ ಊರುಗಳಲ್ಲೂ ಆ ಓಟ ಎಲ್ಲರ ಮನೆಯ ತನಕ ಹೋಗುತ್ತಿರಲಿಲ್ಲ. ಕೇರಿಯ ಹುಡುಗ ಬಿದ್ದಿದ್ದರೆ ಮುಟ್ಟಿ ಎತ್ತುವ ಮೊದಲು ಹಿಂದೆ ಮುಂದೆ ನೋಡಿದವರು ಇದ್ದರು, ಈಗಲೂ ಇದ್ದಾರೆ. ಹಳ್ಳಿಯನ್ನು ಕರುಣೆಯ ತವರು ಅಂತ ಹೊಗಳಿ ಪೇಟೆಯನ್ನು ಬೈಯುವ ಮಾತನ್ನು ನಾನು ಒಪ್ಪುವುದಿಲ್ಲ. ಎರಡೂ ಕಡೆ ಕರುಣೆಗೆ ಬೇಲಿ ಇದೆ. ಅಲ್ಲಿ ಅದು ಒಂದು ಕಡೆ, ಇಲ್ಲಿ ಇನ್ನೊಂದು ಕಡೆ.

ಪ್ರಿನ್ಸ್‌ಟನ್ ಪ್ರಯೋಗದ ಬ್ಯಾಟ್ಸನ್ ಆಮೇಲೆ ಇದರ ಹಿಂದೆಯೇ ಬಿದ್ದರು. 1981ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಎಲೇನ್ ಎಂಬ ಹುಡುಗಿಗೆ ಕರೆಂಟ್ ಶಾಕ್ ಕೊಡುತ್ತಿರುವಂತೆ ತೋರಿಸುತ್ತಿದ್ದರು. ಅವಳು ನಿಜಕ್ಕೂ ನೋಯುತ್ತಿರಲಿಲ್ಲ, ಆದರೆ ನೋಡುವವರಿಗೆ ಅದು ಗೊತ್ತಿರಲಿಲ್ಲ. ನೋಡುತ್ತಿದ್ದವರು ಬೇಕಾದರೆ ಬೇಗ ಎದ್ದು ಹೋಗಬಹುದಿತ್ತು, ಬೇಕಾದರೆ ಅವಳ ಬದಲು ತಾವು ಶಾಕ್ ತೆಗೆದುಕೊಳ್ಳಬಹುದಿತ್ತು. ಎದ್ದು ಹೋಗುವ ದಾರಿ ಸಲೀಸಾಗಿದ್ದಾಗ, ಎಲೇನ್‌ಳ ಆಸಕ್ತಿ, ಅಭಿಪ್ರಾಯ ನಿಮ್ಮಂತೆಯೇ ಎಂದು ತಿಳಿದವರಲ್ಲಿ ಬಹುಪಾಲು ಜನ ಅವಳ ಜಾಗಕ್ಕೆ ಹೋದರು. ಅವಳು ನಿಮಗಿಂತ ತೀರಾ ಬೇರೆ ಎಂದು ತಿಳಿದವರಲ್ಲಿ ಬಹುಪಾಲು ಜನ ಬಾಗಿಲ ಕಡೆ ಹೋದರು. ಕಾರಿನಲ್ಲಿ ಕೂತ ನಿಮಗೆ ಎದ್ದು ಹೋಗುವುದು ಇನ್ನೂ ಸಲೀಸು. ಆಕ್ಸಿಲರೇಟರ್ ಕಾಲ ಕೆಳಗೇ ಇತ್ತು.

ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಪ್ರಯೋಗವೊಂದು ನನಗೆ ಇದಕ್ಕಿಂತ ಇಷ್ಟ, ಯಾಕೆಂದರೆ ಅದರಲ್ಲಿ ದಾರಿಯೂ ಇದೆ. ಅಲ್ಲಿದ್ದವರೆಲ್ಲ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡದ ಅಭಿಮಾನಿಗಳು. ನಿಮ್ಮ ತಂಡದ ಬಗ್ಗೆ ಬರೆಯಿರಿ ಅಂದರು. ಬರೆದು ಹೊರಗೆ ನಡೆಯುವಾಗ ಒಬ್ಬ ಓಡುತ್ತಾ ಬಂದು ಜಾರಿ ಬಿದ್ದು ಕಾಲು ಹಿಡಿದುಕೊಂಡ. ಮೈಮೇಲೆ ತಮ್ಮ ತಂಡದ ಜೆರ್ಸಿ ಇದ್ದರೆ ಬಹಳ ಜನ ಓಡಿ ಬಂದರು. ಎದುರಾಳಿ ಲಿವರ್‌ಪೂಲ್‌ನ ಜೆರ್ಸಿ ಇದ್ದರೆ ಕಡಿಮೆ ಜನ. ಆರ್‌ಸಿಬಿ ಮತ್ತು ಚೆನ್ನೈ ಅಂದುಕೊಳ್ಳಿ, ಚಿತ್ರ ಸ್ಪಷ್ಟವಾಗುತ್ತದೆ. ಇನ್ನೊಮ್ಮೆ ಮಾಡುವಾಗ ಒಂದೇ ಒಂದು ಬದಲಾವಣೆ ಮಾಡಿದರು. ತಂಡದ ಬಗ್ಗೆ ಬೇಡ, ಫುಟ್‌ಬಾಲ್ ಪ್ರೇಮಿಯಾಗಿರುವುದು ಅಂದರೆ ಏನು ಅಂತ ಬರೆಯಿರಿ ಅಂದರು. ಈ ಸಲ ಲಿವರ್‌ಪೂಲ್‌ನವನಿಗೂ ಹೆಚ್ಚುಕಡಿಮೆ ಅಷ್ಟೇ ಸಹಾಯ ಸಿಕ್ಕಿತು. ಯಾವ ತಂಡದ ಗುರುತೂ ಇಲ್ಲದ ಬರೀ ಟೀಶರ್ಟ್ ಹಾಕಿದವನಿಗೆ ಮಾತ್ರ ಅಷ್ಟು ಸಿಗಲಿಲ್ಲ. ಅವನು ಈ ಹೊಸ ವೃತ್ತದಿಂದಲೂ ಆಚೆಗೇ ಉಳಿದ.

ಮೈಸೂರು ರಸ್ತೆಯಲ್ಲಿ ಬಿದ್ದಿದ್ದ ಹುಡುಗನ ಮೈಮೇಲೂ ಒಂದು ಟೀಶರ್ಟ್ ಇತ್ತು. ಅವನನ್ನು ನೀವು ಪತ್ರದಲ್ಲಿ "ಡೆಲಿವರಿ ಹುಡುಗ" ಅಂತಲೇ ಕರೆದಿದ್ದೀರಿ. ಕಂಪನಿಯ ಬಣ್ಣ ಕಂಡಿತು, ಬೆನ್ನ ಮೇಲಿನ ಡಬ್ಬ ಕಂಡಿತು. ತಪ್ಪು ಅನ್ನುತ್ತಿಲ್ಲ, ನಮ್ಮೆಲ್ಲರ ಕಣ್ಣೂ ಹಾಗೇ ಪಳಗಿದೆ. ಆದರೆ ಆ ಅಭ್ಯಾಸ ಆಗಿದ್ದು ರಸ್ತೆಯಲ್ಲಲ್ಲ. ಮನೆ ಬಾಗಿಲಲ್ಲಿ.

ನೀವು "ಪಾಪ" ಎಂದು ಸೇರಿಸಿ ಮುಗಿಸಿದ ಆ ಲಿಫ್ಟಿನ ವಿಷಯಕ್ಕೆ ಬರುತ್ತೇನೆ. ಇಂಥ ಲಿಫ್ಟುಗಳನ್ನು ನಾನೂ ನೋಡಿದ್ದೇನೆ. ಬಾಗಿಲ ಪಕ್ಕದ ಗೋಡೆಗೆ ಪ್ಲಾಸ್ಟಿಕ್ ಹೊದಿಸಿದ ಹಾಳೆ ಅಂಟಿಸಿರುತ್ತಾರೆ. ಮನೆಗೆಲಸದವರು, ಡೆಲಿವರಿಯವರು, ಡ್ರೈವರ್‌ಗಳು ಈ ಲಿಫ್ಟ್ ಬಳಸುವಂತಿಲ್ಲ. ಕೆಲವು ಕಡೆ ಅದೇ ಹಾಳೆಯಲ್ಲಿ ನಾಯಿ ಕರೆದುಕೊಂಡು ಹೋಗುವವರಿಗೂ ಸೂಚನೆ ಇರುತ್ತದೆ. ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಹೆಗಲ ಮೇಲಿಟ್ಟುಕೊಂಡ ಹುಡುಗ ಸರ್ವಿಸ್ ಲಿಫ್ಟ್ ಕೆಟ್ಟಿದೆ ಅಂತ ಮೆಟ್ಟಿಲು ಹತ್ತುತ್ತಾನೆ. ಪ್ರತಿ ಮಹಡಿಯ ತಿರುವಿನಲ್ಲಿ ಕ್ಯಾನನ್ನು ತೊಡೆಯ ಮೇಲೆ ಒರಗಿಸಿ ಉಸಿರು ತೆಗೆದುಕೊಳ್ಳುತ್ತಾನೆ. ಪಕ್ಕದಲ್ಲೇ ಇನ್ನೊಂದು ಲಿಫ್ಟ್ ಖಾಲಿ ಇಳಿಯುತ್ತದೆ. ಬಾಗಿಲು ತೆಗೆದವರು ಅವನಿಗೆ ಒಂದು ಲೋಟ ನೀರು ಕೊಡುತ್ತಾರೆ, "ಪಾಪ" ಅನ್ನುತ್ತಾರೆ. ಅವರು ಕೆಟ್ಟವರಲ್ಲ. ಆ ಕರುಣೆಯೂ ನಾಟಕವಲ್ಲ. ಆದರೆ ಮರುದಿನವೂ ಹಾಳೆ ಗೋಡೆಯ ಮೇಲೇ ಇರುತ್ತದೆ.

ರಸ್ತೆಯ ಅರ್ಧ ನಿಮಿಷಕ್ಕೆ ಆತುರ, ಭಯ, ಗುಂಪು ಅಂತ ಕಾರಣ ಕೊಡಬಹುದು. ನಾನೇ ಮೇಲೆ ಕೊಟ್ಟಿದ್ದೇನೆ. ಲಿಫ್ಟಿಗೆ ಆ ಕಾರಣಗಳಿಲ್ಲ. ಯಾರೂ ಆತುರದಲ್ಲಿರಲಿಲ್ಲ. ಸಭೆ ಸೇರಿ, ಚರ್ಚೆ ಮಾಡಿ, ಕೈ ಎತ್ತಿ ಮಾಡಿದ ನಿಯಮ ಅದು. ಮನುಷ್ಯ ಸ್ವಭಾವದ ಬಗ್ಗೆ ನನಗೆ ಬೇಸರವಾಗುವುದು ಗಾಬರಿಯಲ್ಲಿ ಮುಂದೆ ಹೋದವರನ್ನು ನೋಡಿ ಅಲ್ಲ. ನಿಧಾನವಾಗಿ ಯೋಚಿಸಿ ಬೇಲಿ ಹಾಕಿದ್ದನ್ನು ನೋಡಿದಾಗ. ಕರ್ನಾಟಕ 2025ರಲ್ಲಿ, ಆ್ಯಪ್ ಮೂಲಕ ಡೆಲಿವರಿಯಂಥ ಕೆಲಸ ಮಾಡುವ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾನೂನು ಮಾಡಿತು. ಅವರು ಕಾರ್ಮಿಕರು, ಅವರಿಗೂ ಹಕ್ಕಿದೆ ಎಂದು ಸರ್ಕಾರವೇ ಒಪ್ಪಿದ ಹಾಗಾಯಿತು. ಅದೇ ಕಾರ್ಮಿಕ ನಿಮ್ಮ ಕಟ್ಟಡದ ಲಿಫ್ಟಿನಲ್ಲಿ ನಿಮ್ಮ ಪಕ್ಕ ನಿಲ್ಲುವಂತಿಲ್ಲ.

ಹಾಗಾಗಿ ನಿಮ್ಮ ಸಂಕಟವನ್ನು ಅಲ್ಲಿಗೆ ತಿರುಗಿಸಿ ಅನ್ನುವುದು ನನ್ನ ಸಲಹೆ. ಬಿದ್ದ ಹುಡುಗನನ್ನು ಈಗ ಹುಡುಕಿ ಕ್ಷಮೆ ಕೇಳುವುದು ಆಗದ ಮಾತು. ಅವನ ಥರದವರು ದಿನವೂ ನಿಮ್ಮ ಗೇಟಿಗೆ ಬರುತ್ತಾರೆ. ಸಂಘದ ಮುಂದಿನ ಸಭೆಯಲ್ಲಿ ಲಿಫ್ಟಿನ ವಿಷಯ ಎತ್ತಿ. ಕರುಣೆ, ಮಾನವೀಯತೆ ಅಂತ ಭಾಷಣ ಶುರು ಮಾಡಬೇಡಿ, ಜನ ಮುದುಡಿಕೊಳ್ಳುತ್ತಾರೆ. ಈ ನಿಯಮ ಯಾವ ಸಭೆಯಲ್ಲಿ ಪಾಸಾಯಿತು, ಕಾರಣ ಏನು ಅಂತ ಬರೆದಿದೆ, ಸರ್ವಿಸ್ ಲಿಫ್ಟ್ ಕೆಟ್ಟ ದಿನ ಏನು ಮಾಡಬೇಕು ಅಂತ ಇದೆ, ಇಷ್ಟು ಕೇಳಿ. ಸೆಕ್ಯುರಿಟಿ ಅನ್ನುತ್ತಾರೆ. ಗೇಟಿನಲ್ಲಿ ಹೆಸರು ಬರೆಸಿಕೊಂಡು, ಫೋನ್ ಮಾಡಿ ಕೇಳಿಯೇ ಒಳಗೆ ಬಿಡುತ್ತೀರಲ್ಲ, ಮತ್ತೆ ಲಿಫ್ಟಿನಲ್ಲಿ ಯಾವ ಸೆಕ್ಯುರಿಟಿ ಅಂತ ಕೇಳಿ. ಕೊಳೆ ಅನ್ನುತ್ತಾರೆ. ನಿಮ್ಮ ಮನೆಯ ಪಾತ್ರೆ ತೊಳೆದು, ನೆಲ ಒರೆಸಿ ಹೋಗುವ ಕೈ ಲಿಫ್ಟಿನ ಗುಂಡಿ ಒತ್ತಿದರೆ ಕೊಳೆಯಾಗುವುದು ಹೇಗೆ ಅಂತ ಕೇಳಿ. ಸ್ವರ ಏರಿಸಬೇಡಿ.

ಒಬ್ಬರೇ ಮಾತ್ರ ಹೋಗಬೇಡಿ. ಸಾಲಮನ್ ಆಶ್ 1950ರ ದಶಕದಲ್ಲಿ ಮಾಡಿದ ಪ್ರಯೋಗ ಮನಃಶಾಸ್ತ್ರ ಓದಿದವರಿಗೆಲ್ಲ ಗೊತ್ತು. ಒಂದು ಗೆರೆಯಷ್ಟೇ ಉದ್ದದ್ದು ಮೂರು ಗೆರೆಗಳಲ್ಲಿ ಯಾವುದು ಎಂದು ಹೇಳಬೇಕು, ಉತ್ತರ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. ಆದರೂ ಉಳಿದವರೆಲ್ಲ ತಪ್ಪು ಉತ್ತರ ಹೇಳಿದಾಗ ಒಂಟಿಯಾದವನು ಮೂರಕ್ಕೊಂದು ಸಲ ಅದೇ ತಪ್ಪಿಗೆ ಹೂಂ ಅನ್ನುತ್ತಿದ್ದ. ಪಕ್ಕದಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳುವವನಿದ್ದರೆ ಅದು ನೂರಕ್ಕೆ ಐದಾರು ಸಲಕ್ಕೆ ಇಳಿಯುತ್ತಿತ್ತು. ಆದ್ದರಿಂದ ಸಭೆಗೆ ಮೊದಲೇ ನಿಮ್ಮ ಮಹಡಿಯಲ್ಲಿ ಯಾರಾದರೂ ಒಬ್ಬರ ಜೊತೆ ಮಾತಾಡಿಕೊಳ್ಳಿ. ಆ ಹಾಳೆ ನೋಡಿ ಒಳಗೊಳಗೇ ಮುಜುಗರಪಟ್ಟವರು ನಿಮ್ಮ ಕಟ್ಟಡದಲ್ಲಿ ಇದ್ದೇ ಇರುತ್ತಾರೆ, ಅವರೂ ನಿಮ್ಮ ಹಾಗೆ ನಾನೊಬ್ಬನೇ ಎಂದುಕೊಂಡು ಕೂತಿರುತ್ತಾರೆ. ವಿಷಯವನ್ನು ಕಾರ್ಯದರ್ಶಿಗೆ ಮುಂಚೆಯೇ ಬರೆದು ಕೊಟ್ಟು ಅಜೆಂಡಾದಲ್ಲಿ ಸೇರಿಸಿ. ಸಭೆಯಲ್ಲಿ ಇಬ್ಬರೂ ಒಂದೇ ಕಡೆ ಕೂರಬೇಡಿ. ನೀವು ಕೇಳಿ ಮುಗಿಸಿದ ಮೇಲೆ ಅವರು ಇನ್ನೊಂದು ಮೂಲೆಯಿಂದ ಎದ್ದು "ನನ್ನ ಪ್ರಶ್ನೆಯೂ ಅದೇ" ಅನ್ನಲಿ.